ಬಳುವಳಿಯ ಲೆಕ್ಕ: ಯುರೋಪಿನ ಹಳೆಯ ಪಟ್ಟಣಗಳಲ್ಲಿ ಹೆಣ್ಣು, ಕಸುಬು, ಮದುವೆ

1447ರ ಆಗಸ್ಟ್ 24ರಂದು ಫ್ಲಾರೆನ್ಸ್ ಪಟ್ಟಣದ ಒಬ್ಬ ವಿಧವೆ ನೇಪಲ್ಸ್‌ನಲ್ಲಿದ್ದ ತನ್ನ ಹಿರಿಯ ಮಗನಿಗೆ ಒಂದು ಕಾಗದ ಬರೆದಳು. ಆಕೆಯ ಹೆಸರು ಅಲೆಸ್ಸಾಂದ್ರ ಮಾಚಿಂಗಿ ಸ್ತ್ರೋತ್ಸಿ. ಗಂಡ ಮತ್ತೇಯೊ 1434ರಲ್ಲಿ ರಾಜಕೀಯ ಕಾರಣಕ್ಕೆ ಗಡೀಪಾರಾಗಿ, ಹೆಚ್ಚು ಕಾಲ ಬದುಕದೆ ಪರಸ್ಥಳದಲ್ಲೇ ತೀರಿಕೊಂಡಿದ್ದ. ಬೆಳೆದ ಗಂಡುಮಕ್ಕಳು ಬಂಧುಗಳ ವ್ಯಾಪಾರದಲ್ಲಿ ಕೆಲಸ ಕಲಿಯಲು ದೂರದ ಊರುಗಳನ್ನು ಸೇರಿದ್ದರು. ಕಾಗದದ ಮುಖ್ಯ ವಿಷಯ ಮಗಳು ಕತೆರೀನಾಳ ಮದುವೆ. ಹುಡುಗಿಗೆ 16, ವರನಿಗೆ 25. ವರ ಮಾರ್ಕೊ ಪರೆಂತಿ ರೇಷ್ಮೆ ಉದ್ಯಮದ ಮನೆಯ ಒಬ್ಬನೇ ಮಗ, ಗುಣವಂತ, ಸ್ಥಿತಿವಂತ. ಮನೆತನದ ಹೆಸರಿನಲ್ಲಿ ಮಾತ್ರ ಸ್ತ್ರೋತ್ಸಿಗಳಿಗಿಂತ ಒಂದು ಮೆಟ್ಟಿಲು ಕೆಳಗೆ.

ತಾಯಿ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಬಿಡಿಸಿಡುತ್ತಾಳೆ. ಮಗಳೊಡನೆ ಕೊಡಬೇಕಾದದ್ದು ಒಟ್ಟು 1,000 ಫ್ಲಾರಿನ್. ಅದರಲ್ಲಿ 500 ಮುಂದಿನ ವರ್ಷದ ಮೇ ತಿಂಗಳಿಗೆ ನಗರದ ನಿಧಿಯಿಂದ ಬರಲಿದೆ. ಮಿಕ್ಕ 500ನ್ನು ಹುಡುಗಿ ಗಂಡನ ಮನೆಗೆ ಹೋಗುವ ಹೊತ್ತಿಗೆ ನಗದು ಮತ್ತು ಬಟ್ಟೆಬರೆಗಳ ರೂಪದಲ್ಲಿ ತಾನೇ ಹೊಂದಿಸಬೇಕು. ಇನ್ನೂ ದೊಡ್ಡ ಮನೆತನಕ್ಕೆ ಕೊಡಬೇಕೆಂದರೆ 1,400 ಅಥವಾ 1,500 ಫ್ಲಾರಿನ್ ಬೇಕಾಗುತ್ತಿತ್ತು. ಅಷ್ಟನ್ನು ತೆತ್ತಿದ್ದರೆ ತಾವೆಲ್ಲ ಹಾಳಾಗುತ್ತಿದ್ದೆವು ಎಂಬುದು ಆಕೆಯ ಸಮಜಾಯಿಷಿ. ಹುಡುಗಿಗೆ ವಯಸ್ಸಾಗುತ್ತ ಬಂತು, ಇನ್ನು ಕಾಯುವಂತಿರಲಿಲ್ಲ ಎಂಬ ಆತಂಕವೂ ಅದರಲ್ಲಿದೆ. ಆ ಕಾಲದ ಫ್ಲಾರೆನ್ಸ್‌ನಲ್ಲಿ ಕಟ್ಟಡದ ಕೆಲಸದ ದಿನಗೂಲಿಯಾಳು ವರ್ಷವಿಡೀ ದುಡಿದರೂ 40 ಫ್ಲಾರಿನ್ ಕಾಣುವುದು ಕಷ್ಟವಿತ್ತು ಎಂಬುದನ್ನು ನೆನೆದರೆ ಈ ಮೊತ್ತದ ಭಾರ ಅರಿವಾಗುತ್ತದೆ.

ಈ ಕಾಗದವನ್ನು ಓದುವಾಗ ನಮಗೆ ಅಪರಿಚಿತವೆನಿಸುವುದು ನಾಣ್ಯದ ಹೆಸರೊಂದೇ. ಉಳಿದದ್ದೆಲ್ಲ ನಮ್ಮ ಅಜ್ಜಿಯರ ಮಾತಿನಂತೆಯೇ ಕೇಳಿಸುತ್ತದೆ. ಆದರೆ ಇಂಥ ಹೋಲಿಕೆಯಲ್ಲಿ ಒಂದು ಅಪಾಯವೂ ಇದೆ. ಕಂಡದ್ದೆಲ್ಲ ನಮ್ಮದೇ ಎಂದುಕೊಂಡರೆ ಅಲ್ಲಿನ ಬದುಕು ನಿಜವಾಗಿ ಹೇಗೆ ನಡೆಯುತ್ತಿತ್ತೆಂಬುದು ಕಾಣದೆ ಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ನಾವು ಒಂದು ಸರಳ ಪ್ರಶ್ನೆಯನ್ನು ಹಿಡಿದು ಹೊರಡುತ್ತೇವೆ. ಹೆಣ್ಣಿನ ಹೆಸರಿನಲ್ಲಿ ಕೈಬದಲಾದ ಆ ಹಣ ಕೊನೆಗೆ ಯಾರ ಕೈಯಲ್ಲಿ ಉಳಿಯುತ್ತಿತ್ತು?

ಒಂದು ವಸ್ತು, ಮೂರು ಹೆಸರು

ಇಟಲಿಯವರು ಇದನ್ನು ‘ದೋತೆ’ ಎನ್ನುತ್ತಿದ್ದರು. ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು? ‘ವರದಕ್ಷಿಣೆ’ ಎಂದರೆ ವರನಿಗೆ ಸಲ್ಲುವ ಹಣ. ‘ಸ್ತ್ರೀಧನ’ ಎಂದರೆ ಹೆಣ್ಣಿನದೇ ಆದ ಸೊತ್ತು. ‘ಬಳುವಳಿ’ ಎಂದರೆ ತವರಿನಿಂದ ಮಗಳ ಜೊತೆಗೆ ಹೋಗುವುದು. ಅದು ಯಾರಿಗೆ ಸೇರುತ್ತದೆಂಬುದನ್ನು ಆ ಪದ ಹೇಳುವುದಿಲ್ಲ. ಫ್ಲಾರೆನ್ಸ್‌ನ ದೋತೆ ಈ ಮೂರೂ ಆಗಿತ್ತು. ತವರಿನಿಂದ ಬಂದದ್ದರಿಂದ ಬಳುವಳಿ. ಕಾನೂನಿನ ಮಾತಿನಲ್ಲಿ ಸ್ತ್ರೀಧನ. ದಿನನಿತ್ಯದ ಬಳಕೆಯಲ್ಲಿ ವರದಕ್ಷಿಣೆ. ನಾವು ಇಲ್ಲಿ ‘ಬಳುವಳಿ’ ಎಂಬ ಮಾತನ್ನೇ ಬಳಸುತ್ತೇವೆ.

ರೋಮನ್ ಕಾನೂನಿನ ಪರಂಪರೆಯಂತೆ ಬಳುವಳಿಯು ಮದುವೆಯ ಸಂಸಾರದ ಭಾರ ಹೊರಲೆಂದು ಗಂಡನ ವಶಕ್ಕೆ ಬರುತ್ತಿತ್ತು. ಗಂಡ ಬದುಕಿರುವವರೆಗೆ ಅದನ್ನು ಅವನೇ ನಡೆಸುತ್ತಿದ್ದ, ವ್ಯಾಪಾರದಲ್ಲಿ ತೊಡಗಿಸುತ್ತಿದ್ದ. ಅವನು ಸತ್ತರೆ ಅದು ವಿಧವೆಗೆ ಮರಳಬೇಕು. ಅವನ ಆಸ್ತಿಯ ಮೇಲೆ ಆಕೆಗೆ ಅಷ್ಟರ ಮಟ್ಟಿನ ಹಕ್ಕು ಗಟ್ಟಿಯಾಗಿತ್ತು. ಇದಕ್ಕೆ ಪ್ರತಿಯಾಗಿ ಹೆಣ್ಣು ಕಳೆದುಕೊಳ್ಳುತ್ತಿದ್ದುದು ತಂದೆಯ ಆಸ್ತಿಯಲ್ಲಿನ ಪಾಲನ್ನು. ಬಳುವಳಿ ಪಡೆದ ಮಗಳಿಗೆ ತವರಿನ ಉತ್ತರಾಧಿಕಾರ ಇಲ್ಲವೆಂದು ಇಟಲಿಯ ನಗರಗಳ ಕಟ್ಟಳೆಗಳು ಸಾರುತ್ತಿದ್ದವು. ಮನೆ, ಜಮೀನು, ಅಂಗಡಿಗಳೆಲ್ಲ ಗಂಡುಮಕ್ಕಳ ಸಾಲಿನಲ್ಲೇ ಉಳಿಯಬೇಕು. ಹೆಣ್ಣುಮಕ್ಕಳು ನಗದು ಪಡೆದು ಹೊರಡಬೇಕು ಎಂಬುದೇ ಇದರ ತಿರುಳು. ಹೀಗೆ ಕೊಡುಗೆಯಂತೆ ಕಾಣುವ ಹಣವೇ ಹೊರಗಿಡುವುದಕ್ಕೆ ತೆತ್ತ ಬೆಲೆಯೂ ಆಗಿತ್ತು.

ವರನ ಕಡೆಯಿಂದಲೂ ಉಡುಗೊರೆ ಬರುತ್ತಿತ್ತು. ಮಾರ್ಕೊ ತನ್ನ ವಧುವಿಗೆ ಕಡುಗೆಂಪು ಮಕಮಲ್ಲಿನ ಉಡುಪನ್ನೂ ನವಿಲುಗರಿ, ಮುತ್ತುಗಳ ಶಿರೋಮಾಲೆಯನ್ನೂ ಮಾಡಿಸಿದ. ಮಗಳು ಬೀದಿಗಿಳಿದರೆ ಅವಳ ಮೈಮೇಲೆ 400 ಫ್ಲಾರಿನ್‌ಗೂ ಮೀರಿದ ಬೆಲೆಯಿರುತ್ತದೆ ಎಂದು ತಾಯಿ ಹಿಗ್ಗಿನಿಂದ ಬರೆಯುತ್ತಾಳೆ. ಇಂಥ ಉಡುಗೊರೆಗಳ ಬಗ್ಗೆ ಇತಿಹಾಸಕಾರ್ತಿ ಕ್ರಿಸ್ಟಿಯಾನ್ ಕ್ಲಾಪಿಶ್-ಜುಬೆರ್ ತೋರಿಸಿಕೊಟ್ಟ ಸಂಗತಿಯೊಂದಿದೆ. ಗಂಡ ತೊಡಿಸಿದ ಬೆಲೆಬಾಳುವ ಉಡುಪು ಒಡವೆಗಳ ಒಡೆತನ ಸಾಮಾನ್ಯವಾಗಿ ಗಂಡನಲ್ಲೇ ಉಳಿಯುತ್ತಿತ್ತು. ಮದುವೆಯ ಸಂಭ್ರಮ ಮುಗಿದ ಮೇಲೆ ಅವುಗಳನ್ನು ಬಿಚ್ಚಿಸಿ ಮಾರಬಹುದಿತ್ತು. ಮತ್ತೊಂದು ಮದುವೆಗೆ ಬಾಡಿಗೆಗೂ ಕೊಡಬಹುದಿತ್ತು.

ಗಂಡ ಸತ್ತಾಗ ಬಳುವಳಿಯ ನಿಜರೂಪ ಹೊರಬೀಳುತ್ತಿತ್ತು. ವಿಧವೆ ಇನ್ನೂ ಹರೆಯದವಳಾಗಿದ್ದರೆ ತವರಿನ ಗಂಡಸರು ಅವಳನ್ನೂ ಅವಳ ಬಳುವಳಿಯನ್ನೂ ಹಿಂದಕ್ಕೆ ಕರೆತಂದು ಇನ್ನೊಂದು ಮದುವೆ ಮಾಡಲು ಹವಣಿಸುತ್ತಿದ್ದರು. ಮಕ್ಕಳು ಮಾತ್ರ ಗಂಡನ ಮನೆತನಕ್ಕೆ ಸೇರಿದವರು. ತಾಯಿ ಹೊರಟರೆ ಮಕ್ಕಳು ತಾಯಿಯನ್ನೂ ಅವಳ ಹಣವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಿದ್ದರು. ಅವರ ಕಣ್ಣಿಗೆ ಅವಳು ಕ್ರೂರಿ ತಾಯಿಯಾಗುತ್ತಿದ್ದಳು. ಉಳಿದರೆ ತವರಿನವರ ಮುನಿಸು. ಅಲೆಸ್ಸಾಂದ್ರ ಮರುಮದುವೆಯಾಗದೆ ಮಕ್ಕಳೊಡನೆ ಉಳಿದಳು. ಗಂಡನ ಆಸ್ತಿಯ ಮೇಲೆ ಬಳುವಳಿಯ ಹಕ್ಕಿದ್ದುದರಿಂದಲೇ ಗಡೀಪಾರಾದವನ ಹೆಂಡತಿಯಾದರೂ ಸಂಸಾರ ನಡೆಸಲು ಆಕೆಗೆ ಕಾಲೂರಲು ನೆಲವಿತ್ತು. ಒಂದೇ ಹಣ ಒಬ್ಬಳಿಗೆ ಆಸರೆಯಾಗಿ, ಇನ್ನೊಬ್ಬಳನ್ನು ಮಕ್ಕಳಿಂದ ಅಗಲಿಸುವ ಸಾಧನವಾಗಿ ಕೆಲಸ ಮಾಡಬಹುದಿತ್ತು.

ತಂದೆಯರ ಭಯ, ನಗರದ ಬೊಕ್ಕಸ

1321ರಲ್ಲಿ ತೀರಿಕೊಂಡ ದಾಂತೆ ತನ್ನ ಮಹಾಕಾವ್ಯದ ಸ್ವರ್ಗಖಂಡದಲ್ಲಿ ಹಿಂದಿನ ತಲೆಮಾರಿನ ಪೂರ್ವಜನೊಬ್ಬನ ಬಾಯಲ್ಲಿ ಹಳೆಯ ಫ್ಲಾರೆನ್ಸನ್ನು ಹೊಗಳಿಸುತ್ತಾನೆ. ಆ ಹೊಗಳಿಕೆಯಲ್ಲಿ ಒಂದು ಅಂಶ, ಹೆಣ್ಣುಮಗು ಹುಟ್ಟಿದರೆ ಆಗಿನ ತಂದೆ ಹೆದರುತ್ತಿರಲಿಲ್ಲ ಎಂಬುದು. ಮದುವೆಯ ವಯಸ್ಸೂ ಬಳುವಳಿಯ ಮೊತ್ತವೂ ಇನ್ನೂ ಅಳತೆ ಮೀರಿರಲಿಲ್ಲವಂತೆ. ಅಂದರೆ ದಾಂತೆಯ ಕಾಲಕ್ಕಾಗಲೇ ಆ ಹೆದರಿಕೆ ಮನೆಮಾಡಿತ್ತು. ಅವನು ಸತ್ತು ನೂರು ವರ್ಷ ಕಳೆಯುವಷ್ಟರಲ್ಲಿ ನಗರವೇ ಆ ಹೆದರಿಕೆಯನ್ನು ಆದಾಯದ ಮೂಲವಾಗಿಸಿತು.

ಮಿಲಾನ್ ಜೊತೆಗಿನ ಯುದ್ಧದಿಂದ ಬೊಕ್ಕಸ ಬರಿದಾಗಿದ್ದ ಫ್ಲಾರೆನ್ಸ್ 1425ರಲ್ಲಿ ‘ಮೋಂತೆ ದೆಲ್ಲೆ ದೋತಿ’ ಎಂಬ ಬಳುವಳಿ ನಿಧಿಯನ್ನು ಸ್ಥಾಪಿಸಿತು. ತಂದೆ ಮಗಳ ಹೆಸರಿನಲ್ಲಿ 100 ಫ್ಲಾರಿನ್ ಇಟ್ಟರೆ 15 ವರ್ಷದ ಬಳಿಕ 500 ಫ್ಲಾರಿನ್ ಬರುತ್ತದೆ. ಹಣ ಸಲ್ಲುವುದು ಮದುವೆ ನೆರವೇರಿ ಗಂಡಹೆಂಡಿರು ಕೂಡಿ ಬಾಳತೊಡಗಿದ ಮೇಲೆ. ಅದನ್ನು ಪಡೆಯುವವನು ಗಂಡ. ಮೊದಮೊದಲು ಹೂಡಿಕೆದಾರರು ಹಿಂಜರಿದರು. ಹುಡುಗಿ ನಡುವೆಯೇ ಸತ್ತರೆ ಇಟ್ಟ ಹಣವೂ ನಗರದ ಪಾಲಾಗುತ್ತಿದ್ದುದೇ ಇದಕ್ಕೆ ಕಾರಣ. ಮಕ್ಕಳ ಸಾವು ಸಾಮಾನ್ಯವಾಗಿದ್ದ ಕಾಲದಲ್ಲಿ ಅದು ಜೂಜೇ ಸರಿ. 1433ರಲ್ಲಿ ನಿಯಮ ಸಡಿಲಿಸಿ, ಹುಡುಗಿ ಸತ್ತರೆ ಅಸಲನ್ನು ಹಿಂದಿರುಗಿಸುವುದಾಗಿ ಹೇಳಿದ ಮೇಲೆ ಹಣ ಹರಿದುಬಂತು. ಸಾವಿರಾರು ಹೆಣ್ಣುಮಕ್ಕಳ ಹೆಸರು ಆ ನಿಧಿಯ ಖಾತೆಗಳಲ್ಲಿ ಏರಿತು. ಕತೆರೀನಾಳ 500 ಫ್ಲಾರಿನ್ ಬರಬೇಕಾಗಿದ್ದುದೂ ಇಲ್ಲಿಂದಲೇ.

ಇದರ ಜಾಣ್ಮೆಯನ್ನು ಗಮನಿಸಬೇಕು. ನಗರಕ್ಕೆ ಯುದ್ಧಕ್ಕಾಗಿ ಸಾಲ ಬೇಕು; ತಂದೆಗೆ ಹದಿನೈದು ವರ್ಷದಾಚೆಗಿನ ಮದುವೆಗೆ ಹಣ ಬೇಕು; ವರನಿಗೆ ಅಂಗಡಿಯ ಬಂಡವಾಳ ಬೇಕು. ಈ ಮೂರನ್ನೂ ಹೆಣೆಯುವ ದಾರ ತೊಟ್ಟಿಲಿನಲ್ಲಿ ಮಲಗಿದ್ದ ಹೆಣ್ಣುಮಗು. ಮುಂದೆ ನಗರದ ಸಾಲ ಏರಿದಾಗ ನಿಧಿಯು ಪೂರ್ತಿ ಹಣ ಕೊಡಲಾರದೆ ಒಂದು ಭಾಗವನ್ನು ಮಾತ್ರ ನಗದಾಗಿ ಕೊಟ್ಟು ಉಳಿದುದಕ್ಕೆ ಬಡ್ಡಿಯ ಪತ್ರ ಬರೆದುಕೊಡತೊಡಗಿತು. ಬಳುವಳಿಯ ಮೊತ್ತವಂತೂ ಇಳಿಯಲಿಲ್ಲ. ಉಳಿತಾಯದ ದಾರಿ ಸುಲಭವಾದಷ್ಟೂ ವರನ ಕಡೆಯವರ ನಿರೀಕ್ಷೆಯೂ ಬೆಳೆಯಿತು. ವೆನಿಸ್ ನಗರ ಕಾನೂನಿನಿಂದಲೇ ಇದಕ್ಕೆ ಕಡಿವಾಣ ಹಾಕಲು ನೋಡಿತು. ಅಲ್ಲಿನ ಸೆನೆಟ್ 1420ರಲ್ಲಿ 1,600 ಡ್ಯೂಕಟ್‌ಗಳ ಮಿತಿ ಹೇರಿತು. 1505ರಲ್ಲಿ ಆ ಮಿತಿಯನ್ನೇ 3,000ಕ್ಕೆ ಏರಿಸಬೇಕಾಯಿತು. ಮಿತಿಯನ್ನು ವಿಧಿಸಿದವರೂ ಮುರಿದವರೂ ಅದೇ ಶ್ರೀಮಂತ ಮನೆತನಗಳವರು.

ಹಣವಿಲ್ಲದವರ ದಾರಿಗಳು

ಒಂದೇ ಮನೆಯಲ್ಲಿ ಮೂರು ನಾಲ್ಕು ಹೆಣ್ಣುಮಕ್ಕಳಿದ್ದರೆ ಏನು ಮಾಡುವುದು? ಮೇಲ್ವರ್ಗದ ಮನೆಗಳು ಕಂಡುಕೊಂಡ ಉತ್ತರ ಕನ್ಯಾಮಠ. ಮಠಕ್ಕೂ ಬಳುವಳಿ ಕೊಡಬೇಕಿತ್ತಾದರೂ ಅದು ಮದುವೆಯ ಬಳುವಳಿಗಿಂತ ಬಹಳ ಕಡಿಮೆ. ಒಬ್ಬಳ ಮದುವೆಗೆ ಹಣ ಕೂಡಿಸಲು ಇನ್ನಿಬ್ಬರನ್ನು ಮಠಕ್ಕೆ ಒಪ್ಪಿಸುವ ಪದ್ಧತಿ ಹದಿನಾರು, ಹದಿನೇಳನೆಯ ಶತಮಾನಗಳ ವೆನಿಸ್, ಫ್ಲಾರೆನ್ಸ್‌ಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಒತ್ತಾಯದಿಂದ ಸಂನ್ಯಾಸ ಕೊಡಿಸಬಾರದೆಂದು ಟ್ರೆಂಟ್ ಧರ್ಮಸಭೆ 1563ರಲ್ಲಿ ಕಟ್ಟಪ್ಪಣೆ ಮಾಡಿದರೂ ಪದ್ಧತಿ ನಿಲ್ಲಲಿಲ್ಲ. 1604ರಲ್ಲಿ ವೆನಿಸ್‌ನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಸಂತ ಆನ್ನಾ ಮಠ ಸೇರಿದ ಆರ್ಕಾಂಜೆಲಾ ತರಾಬೊತ್ತಿ ಮಠದ ಗೋಡೆಯೊಳಗಿಂದಲೇ ಇದರ ವಿರುದ್ಧ ಲೇಖನಿ ಹಿಡಿದಳು. ತಂದೆಯರ ದಬ್ಬಾಳಿಕೆಯನ್ನು ಹೆಸರಿಟ್ಟು ಕರೆದ ಅವಳ ಕೃತಿ, ಅವಳು ಸತ್ತ ಎರಡು ವರ್ಷಕ್ಕೆ, 1654ರಲ್ಲಿ ಬೇರೊಂದು ಶೀರ್ಷಿಕೆಯಲ್ಲಿ ಅಚ್ಚಾಯಿತು. ಬಳಿಕ ಚರ್ಚು ಅದನ್ನು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು. ಭಕ್ತಿಯ ಹೆಸರಿನಲ್ಲಿ ನಡೆಯುತ್ತಿದ್ದುದು ಆಸ್ತಿಯನ್ನು ಕಾಯುವ ವ್ಯವಹಾರವೆಂದು ಆ ಕಾಲದ ಹೆಣ್ಣೊಬ್ಬಳೇ ಕಂಡು ಬರೆದಳೆಂಬುದು ಸಣ್ಣ ಮಾತಲ್ಲ.

ಬಡವರಿಗೆ ಮಠದ ದಾರಿಯೂ ಇರಲಿಲ್ಲ. ಹಳ್ಳಿಯಿಂದ ಬಂದ ಎಂಟು ಹತ್ತು ವರ್ಷದ ಹುಡುಗಿಯರನ್ನು ಪಟ್ಟಣದ ಮನೆಗಳಲ್ಲಿ ಕೆಲಸಕ್ಕೆ ಬಿಡುತ್ತಿದ್ದರು. ತಿಂಗಳ ಸಂಬಳವಿಲ್ಲ, ಅನ್ನ, ಬಟ್ಟೆ ಸಿಗುತ್ತದೆ, ಹಲವು ವರ್ಷದ ಚಾಕರಿ ಮುಗಿದಾಗ ಯಜಮಾನ ಒಂದು ಸಣ್ಣ ಬಳುವಳಿ ಕೊಟ್ಟು ಮದುವೆ ಮಾಡಿಸಬೇಕು. ನಡುವೆ ಬಿಟ್ಟುಹೋದರೆ ಏನೂ ಕೈಗೆ ಬಾರದೆ ಹೋಗುವ ಭಯ. ಫ್ಲಾರೆನ್ಸ್‌ನಲ್ಲಿ 1445ರಲ್ಲಿ ಬಾಗಿಲು ತೆರೆದ ಅನಾಥ ಶಿಶುಗಳ ಆಶ್ರಯಧಾಮಕ್ಕೆ ಬಂದು ಸೇರಿದ ಮಕ್ಕಳಲ್ಲಿ ಹುಡುಗಿಯರೇ ಹೆಚ್ಚು. ಬ್ರುನೆಲ್ಲೆಸ್ಕಿ ವಿನ್ಯಾಸಗೊಳಿಸಿದ ಅದರ ಕಮಾನುಗಳನ್ನು ನೋಡಲು ಪ್ರವಾಸಿಗರು ಇಂದಿಗೂ ಹೋಗುತ್ತಾರೆ.

ದಾನವೂ ಒಂದು ದಾರಿಯಾಗಿತ್ತು. ಮೂವರು ಬಡ ಅಕ್ಕತಂಗಿಯರ ಮನೆಯೊಳಕ್ಕೆ ರಾತ್ರಿ ಮೂರು ಚೀಲ ಚಿನ್ನ ಎಸೆದ ಸಂತ ನಿಕೊಲಾಸನ ಐತಿಹ್ಯವನ್ನು ಯುರೋಪಿನ ಮಕ್ಕಳೆಲ್ಲ ಕೇಳಿ ಬೆಳೆದವರು. ಆ ಚಿನ್ನ ಬಳುವಳಿಗೆಂದೇ ಬಂದದ್ದು. ಇಲ್ಲದಿದ್ದರೆ ಅವರನ್ನು ವೇಶ್ಯಾವೃತ್ತಿಗೆ ದೂಡುವ ಸ್ಥಿತಿ ತಂದೆಯದಾಗಿತ್ತು. ರೋಮಿನಲ್ಲಿ 1460ರಲ್ಲಿ ಕಾರ್ಡಿನಲ್ ಹ್ವಾನ್ ದೆ ತೊರ್ಕೆಮಾದ ಇದೇ ಉದ್ದೇಶಕ್ಕೆ ಒಂದು ಧರ್ಮಸಂಘವನ್ನು ಸ್ಥಾಪಿಸಿದ. ಬಡ ಹುಡುಗಿಯರು ಮೇರಿಮಾತೆಯಿಂದ ಬಳುವಳಿಯ ಚೀಲ ಪಡೆಯುವ ದೃಶ್ಯವನ್ನು ಚಿತ್ರಕಾರ ಅಂತೋನಿಯಾತ್ಸೊ ರೊಮಾನೊ ಆ ಸಂಘಕ್ಕಾಗಿಯೇ ಬರೆದುಕೊಟ್ಟ. ಇಂಥ ದಾನಕ್ಕೆ ಒಳ್ಳೆಯ ನಡತೆಯವಳೆಂಬ ಖಾತರಿ ಬೇಕಿತ್ತು. ಹೀಗೆ ಹಣದ ಜೊತೆಗೇ ಕಾವಲೂ ಬರುತ್ತಿತ್ತು.

ಕಸುಬೇ ಬಳುವಳಿಯಾದಾಗ

ಆಲ್ಪ್ಸ್ ಪರ್ವತಗಳ ಉತ್ತರಕ್ಕೆ ಹೋದರೆ ಚಿತ್ರ ಬೇರೆಯಾಗುತ್ತದೆ. 1427ರಲ್ಲಿ ಫ್ಲಾರೆನ್ಸ್ ತನ್ನ ಪ್ರಜೆಗಳ ಆಸ್ತಿಯನ್ನೆಲ್ಲ ಬರೆಸಿದ ತೆರಿಗೆಯ ದಾಖಲೆಗಳಿಂದ ತಿಳಿದುಬರುವಂತೆ ಅಲ್ಲಿ ಹುಡುಗಿಯರು 18ರ ಆಸುಪಾಸಿನಲ್ಲಿ, ಗಂಡಸರು 30ರ ಆಸುಪಾಸಿನಲ್ಲಿ ಮದುವೆಯಾಗುತ್ತಿದ್ದರು. ಗಂಡಹೆಂಡಿರ ನಡುವೆ ಹನ್ನೆರಡು ವರ್ಷದ ಅಂತರ. ಆದ್ದರಿಂದಲೇ ವಿಧವೆಯರೂ ಹೆಚ್ಚು. ಮುಂದಿನ ಶತಮಾನಗಳ ಇಂಗ್ಲೆಂಡ್, ನೆದರ್ಲೆಂಡ್ಸ್, ಉತ್ತರ ಫ್ರಾನ್ಸ್‌ಗಳಲ್ಲಿ ಸಾಮಾನ್ಯ ಜನರ ಹೆಣ್ಣುಮಕ್ಕಳು ಇಪ್ಪತ್ತರ ನಡುವಯಸ್ಸು ದಾಟಿ, ತಮಗಿಂತ ತುಸುವೇ ಹಿರಿಯನನ್ನು ಮದುವೆಯಾಗುತ್ತಿದ್ದರು. ಹತ್ತರಲ್ಲಿ ಒಬ್ಬರಾದರೂ ಮದುವೆಯಾಗದೇ ಉಳಿಯುತ್ತಿದ್ದರು. ಜಾನ್ ಹಜ್ನಲ್ 1965ರ ಪ್ರಬಂಧವೊಂದರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಿಂದ ತ್ರಿಯೆಸ್ತೆಯವರೆಗೆ ಒಂದು ಗೆರೆ ಎಳೆದು, ಅದರ ಪಶ್ಚಿಮಕ್ಕಿರುವ ಈ ಪದ್ಧತಿಯನ್ನು ಯುರೋಪಿನ ವಿಶೇಷವೆಂದು ಗುರುತಿಸಿದ.

ಈ ವಿಳಂಬದ ಹಿಂದೆ ಇದ್ದುದು ದುಡಿಮೆ. ಹೊಸ ದಂಪತಿಗಳು ಹೊಸ ಒಲೆ ಹೂಡಬೇಕು; ಅತ್ತೆಯ ಮನೆಯಲ್ಲಿ ಜಾಗವಿಲ್ಲ. ಅದಕ್ಕೆ ಬೇಕಾದ ಹಾಸಿಗೆ, ಪಾತ್ರೆ, ಒಂದಿಷ್ಟು ನಗದನ್ನು ಹುಡುಗಿ ತಾನೇ ಗಳಿಸಬೇಕು. ಹದಿಮೂರು ಹದಿನಾಲ್ಕಕ್ಕೆ ಮನೆ ಬಿಟ್ಟು, ಇನ್ನೊಬ್ಬರ ಮನೆಯಲ್ಲೋ ಅಂಗಡಿಯಲ್ಲೋ ಹತ್ತು ಹನ್ನೆರಡು ವರ್ಷ ದುಡಿದು ಕೂಡಿಟ್ಟದ್ದೇ ಅವಳ ಬಳುವಳಿ. ಹದಿನೆಂಟನೆಯ ಶತಮಾನದ ಲಿಯೋನ್ ನಗರದ ರೇಷ್ಮೆ ಮಗ್ಗಗಳಲ್ಲಿ ದಾರ ಎಳೆಯುತ್ತ ಕೂತ ಹಳ್ಳಿಯ ಹುಡುಗಿಯರು ಇಂಥವರೇ. ದೀರ್ಘ ದುಡಿಮೆಯಲ್ಲಿ ಆರೋಗ್ಯ ಕೆಟ್ಟು, ಕೂಡಿಟ್ಟದ್ದನ್ನು ಅನುಭವಿಸದೆ ಹೋದವರೂ ಅವರಲ್ಲಿದ್ದರು. ಆದರೂ ತಾನೇ ಗಳಿಸಿದವಳಿಗೆ ವರನನ್ನು ಆರಿಸುವಲ್ಲಿ ಒಂದು ಮಾತು ಇತ್ತು. ತಂದೆ ಗಳಿಸಿಕೊಟ್ಟವಳಿಗೆ ಅದು ದುರ್ಲಭವಾಗಿತ್ತು.

ಕಸುಬು ಹೆಣ್ಣಿನ ಕೈಯಲ್ಲಿದ್ದರೆ ಮದುವೆ ಹೇಗಿರಬಹುದೆಂಬುದಕ್ಕೆ ರೈನ್ ನದಿಯ ದಡದ ಕಲೋನ್ ನಗರ ಒಳ್ಳೆಯ ಉದಾಹರಣೆ. ಅಲ್ಲಿ 1397ರಲ್ಲಿ ನೂಲು ತಯಾರಿಸುವ ಹೆಂಗಸರು ತಮ್ಮದೇ ಶ್ರೇಣಿಯನ್ನು ಪಡೆದರು. 1437ರಲ್ಲಿ ರೇಷ್ಮೆ ಕಸುಬಿನ ಹೆಂಗಸರಿಗೂ ಅದು ದೊರೆಯಿತು. ಶ್ರೇಣಿಯೆಂದರೆ ಕಸುಬುದಾರರ ಸಂಘ. ಯಾರು ಕಲಿಯಬಹುದು, ಎಷ್ಟು ವರ್ಷ ಕಲಿಯಬೇಕು, ಸರಕಿನ ಗುಣಮಟ್ಟ ಹೇಗಿರಬೇಕು ಎಂಬುದನ್ನೆಲ್ಲ ಕಟ್ಟುಮಾಡುವ ಅಧಿಕಾರ ಅದಕ್ಕಿತ್ತು. ರೇಷ್ಮೆ ಕಸುಬು ಕಲಿಯಲು ಹುಡುಗಿ ನಾಲ್ಕು ವರ್ಷ ಒಡತಿಯ ಮನೆಯಲ್ಲಿರಬೇಕು. ಬಳಿಕ ಅವಳೂ ಒಡತಿಯಾಗಬಹುದು. ಮದುವೆಯಾದರೂ ಕಸುಬು ಬಿಡಬೇಕಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ ದೂರದಿಂದ ಕಚ್ಚಾ ರೇಷ್ಮೆ ತರುತ್ತಿದ್ದ. ಹೆಂಡತಿ ತನ್ನ ಕಾರ್ಯಾಗಾರದಲ್ಲಿ ಅದನ್ನು ಸಿದ್ಧಗೊಳಿಸುತ್ತಿದ್ದಳು. ಮಾರಾಟ ಮತ್ತೆ ಗಂಡನದು. ಹದಿನೈದನೆಯ ಶತಮಾನದ ಕೊನೆಯಲ್ಲಿ ಫೀಗೆನ್ ಲುಟ್ಸೆನ್‌ಕಿರ್ಖೆನ್ ಎಂಬಾಕೆ ವ್ಯಾಪಾರಿ ಗಂಡನ ಜೊತೆಗೂಡಿ ಹೀಗೆ ದೊಡ್ಡ ಉದ್ಯಮ ನಡೆಸಿ ಹಲವು ಹುಡುಗಿಯರಿಗೆ ಕಸುಬು ಕಲಿಸಿದಳು. ಇಂಥ ಹೆಣ್ಣು ಮದುವೆಗೆ ತಂದದ್ದು ಒಮ್ಮೆ ಎಣಿಸಿ ಮುಗಿಸುವ ಹಣವಲ್ಲ, ವರ್ಷವರ್ಷವೂ ಫಲ ಕೊಡುವ ಕೈಕೆಲಸ.

ಕಲೋನ್ ಒಂಟಿ ಉದಾಹರಣೆಯೇನಲ್ಲ. ಪ್ಯಾರಿಸ್‌ನಲ್ಲಿ ಎತ್ಯೆನ್ ಬೊಯಿಲೊ 1268ರ ಸುಮಾರಿಗೆ ಬರೆಸಿದ ಕಸುಬುಗಳ ಗ್ರಂಥದಲ್ಲಿ ನೂರರಷ್ಟು ಕಸುಬುಗಳ ನಡುವೆ ಹೆಂಗಸರದೇ ಆದ ಬೆರಳೆಣಿಕೆಯ ಶ್ರೇಣಿಗಳೂ ದಾಖಲಾಗಿವೆ. ಅವುಗಳಲ್ಲಿ ರೇಷ್ಮೆ ನೂಲುವವರದೇ ಎರಡು. ಲಂಡನ್‌ನಲ್ಲಿ ಮದುವೆಯಾದ ಹೆಂಗಸು ಗಂಡನಿಗೆ ಸಂಬಂಧವಿಲ್ಲದ ವ್ಯಾಪಾರ ನಡೆಸುತ್ತಿದ್ದರೆ, ಆ ವ್ಯವಹಾರದ ಮಟ್ಟಿಗೆ ಅವಳನ್ನು ಒಂಟಿ ಹೆಣ್ಣಿನಂತೆಯೇ ಪರಿಗಣಿಸಿ ಸಾಲಕ್ಕೆ ಅವಳನ್ನೇ ಹೊಣೆಯಾಗಿಸುವ ಪದ್ಧತಿ ಇತ್ತು.

ಉತ್ತರ ಫ್ರಾನ್ಸಿನ ಗಡಿಯ ದುವೆ ಪಟ್ಟಣದ ಪದ್ಧತಿ ಇನ್ನೂ ಕುತೂಹಲಕರ. ಮಾರ್ತಾ ಹಾವೆಲ್ ಎಂಬ ಇತಿಹಾಸಕಾರ್ತಿ ಅದನ್ನು ಆಳವಾಗಿ ಅಭ್ಯಸಿಸಿದ್ದಾರೆ. ಅಲ್ಲಿನ ಹಳೆಯ ರೂಢಿಯಲ್ಲಿ ಗಂಡಹೆಂಡಿರು ತಂದದ್ದೆಲ್ಲ ಒಂದೇ ಗಂಟು. ಮಕ್ಕಳಾದ ಮೇಲೆ ಗಂಡ ಸತ್ತರೆ ಗಂಟೆಲ್ಲ ಹೆಂಡತಿಗೆ. ಅವಳು ಅಂಗಡಿ ನಡೆಸಬಹುದು, ಮಾರಬಹುದು, ಇನ್ನೊಬ್ಬ ಗಂಡನ ಮನೆಗೂ ಒಯ್ಯಬಹುದು. ಆದರೆ ಗಂಡ ಬದುಕಿರುವಾಗ ಅದೆಲ್ಲ ಅವನ ಆಳ್ವಿಕೆಯಲ್ಲಿ. ಅವನು ಸಾಲ ಮಾಡಿ ಕಳೆದರೆ ಅವಳದೂ ಹೋಯಿತು. ಹದಿನಾಲ್ಕರಿಂದ ಹದಿನಾರನೆಯ ಶತಮಾನದ ನಡುವೆ ಅಲ್ಲಿನ ಜನ ಮದುವೆಯ ಕರಾರುಪತ್ರಗಳ ಮೂಲಕ ಈ ರೂಢಿಯನ್ನು ಬದಲಿಸಿಕೊಂಡರು. ಹೆಂಡತಿಯ ಪಾಲು ಬೇರೆಯಾಯಿತು, ಭದ್ರವಾಯಿತು. ಅದರ ಜೊತೆಗೆ ಇಡೀ ಗಂಟಿನ ಮೇಲೆ ವಿಧವೆಗಿದ್ದ ಒಡೆತನವೂ ಹೋಯಿತು. ಭದ್ರತೆ ಮತ್ತು ಸ್ವಾತಂತ್ರ್ಯ ಎರಡೂ ಒಟ್ಟಿಗೆ ಅವಳ ಪಾಲಿಗೆ ಬರಲಿಲ್ಲ.

ಕಸಿದುಕೊಂಡದ್ದು

ಇಷ್ಟನ್ನು ಓದಿ, ದಕ್ಷಿಣದಲ್ಲಿ ಬಂಧನ, ಉತ್ತರದಲ್ಲಿ ಬಿಡುಗಡೆ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಉತ್ತರ ಯುರೋಪಿನ ಆರ್ಥಿಕ ಏಳಿಗೆಗೆ ಹೆಣ್ಣಿನ ದುಡಿಮೆ ಮತ್ತು ತಡವಾದ ಮದುವೆಯೇ ಮೂಲವೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ನಮಗೆ ಆ ತೀರ್ಮಾನ ಪೂರ್ತಿಯಾಗಿ ಒಪ್ಪಿಗೆಯಾಗುವುದಿಲ್ಲ. ಕಲೋನ್‌ನಲ್ಲೇ ಹೆಂಗಸರ ಶ್ರೇಣಿಗಳಿಗೆ ನಗರದ ಆಡಳಿತದಲ್ಲಿ ಪ್ರಾತಿನಿಧ್ಯವಿರಲಿಲ್ಲ. ರೇಷ್ಮೆ ಒಡತಿಯರಿಗಾಗಿ ನೂಲುತ್ತಿದ್ದ ಬಡ ಹೆಂಗಸರಿಗೆ ಹಣದ ಬದಲು ಸರಕನ್ನೇ ಕೂಲಿಯಾಗಿ ಕೊಡುವರೆಂಬ ದೂರು ಇತ್ತು. ಕೂಲಿ ಕೊಡುವವಳೂ ಹೆಣ್ಣೇ ಎಂಬುದರಿಂದ ಅವರ ಕಷ್ಟವೇನೂ ಕಡಿಮೆಯಾಗಲಿಲ್ಲ.

ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ದಾಖಲೆಗಳನ್ನು ಶೋಧಿಸಿದ ಶೀಲಾ ಒಗಿಲ್ವಿ ಅವರ ಅಧ್ಯಯನ ಇನ್ನೂ ಕಠಿಣವಾದ ಚಿತ್ರವನ್ನು ಮುಂದಿಡುತ್ತದೆ. ಅಲ್ಲಿಯೂ ಹೆಂಗಸರು ತಡವಾಗಿಯೇ ಮದುವೆಯಾಗುತ್ತಿದ್ದರು, ಅವರೂ ದುಡಿಯುತ್ತಿದ್ದರು. ಆದರೆ ಉಣ್ಣೆ ನೇಕಾರರ ಶ್ರೇಣಿಗಳು ಗಂಡಸರವು. ಶ್ರೇಣಿಯ ಸದಸ್ಯನ ಹೆಂಡತಿಯೋ ವಿಧವೆಯೋ ಆಗಿದ್ದರೆ ಮಗ್ಗದ ಬಳಿ ಜಾಗವುಂಟು. ಒಂಟಿ ಹೆಣ್ಣಿಗೆ ಉಳಿದದ್ದು ನೂಲುವ ಕೆಲಸ. ನೂಲಿಗೆ ಇಷ್ಟಕ್ಕಿಂತ ಹೆಚ್ಚು ಕೂಲಿ ಕೊಡಕೂಡದೆಂಬ ಮಿತಿಯನ್ನೂ ನೂಲು ಕೊಳ್ಳುವವರೇ ಹೇರಿಸಿದ್ದರು. ಯಾರ ಮನೆಯಲ್ಲೂ ಚಾಕರಿಗೆ ನಿಲ್ಲದೆ ತಾನೇ ಬಾಡಿಗೆಯ ಕೋಣೆಯಲ್ಲಿದ್ದು ನೂತು ಬದುಕುವ ಹೆಣ್ಣಿಗೆ ಅಲ್ಲಿ ಒಂದು ಹೆಸರಿತ್ತು. ಅದರ ಅರ್ಥ ‘ತನ್ನ ರೊಟ್ಟಿ ತಾನೇ ತಿನ್ನುವವಳು’ ಎಂದು. ನಮ್ಮ ಕಿವಿಗೆ ಇದು ಮೆಚ್ಚುಗೆಯ ಮಾತಿನಂತೆ ಕೇಳಿಸುತ್ತದೆ. ಅಲ್ಲಿ ಅದು ಆಪಾದನೆಯಾಗಿತ್ತು. ಅಂಥವರು ಯಾರಾದರೊಬ್ಬ ಯಜಮಾನನ ಮನೆ ಸೇರಬೇಕು, ಇಲ್ಲವೇ ಊರು ಬಿಡಬೇಕು ಎಂದು ಊರಿನ ನ್ಯಾಯಸಭೆಗಳು ಒತ್ತಾಯಿಸುತ್ತಿದ್ದವು. ಇಂಗ್ಲಿಷಿನಲ್ಲಿ ಮದುವೆಯಾಗದ ಹೆಣ್ಣನ್ನು ಕರೆಯುವ ‘ಸ್ಪಿನ್‌ಸ್ಟರ್’ ಎಂಬ ಪದದ ಮೂಲಾರ್ಥವೂ ನೂಲುವವಳು ಎಂದೇ. ಒಂಟಿ ಹೆಣ್ಣಿಗೆ ಸಮಾಜ ಬಿಟ್ಟುಕೊಟ್ಟ ಕೆಲಸವೇ ಅವಳ ಸ್ಥಿತಿಯ ಹೆಸರಾಗಿ ನಿಂತಿತು.

ಫ್ಲಾರೆನ್ಸ್‌ನಲ್ಲಿಯೂ ಹೆಂಗಸರು ದುಡಿಯದೆ ಇರಲಿಲ್ಲ. ಹದಿನೇಳನೆಯ ಶತಮಾನದ ಹೊತ್ತಿಗೆ ಅಲ್ಲಿನ ರೇಷ್ಮೆ ಕೆಲಸಗಾರರಲ್ಲಿ ಬಹುಪಾಲು ಹೆಂಗಸರೇ ಆಗಿದ್ದರು. ಹೆಚ್ಚು ಕೂಲಿಯ ಕಸುಬುಗಳತ್ತ ಗಂಡಸರು ಸರಿದಾಗ ತೆರವಾದ ಜಾಗಕ್ಕೆ ಕಡಿಮೆ ಕೂಲಿಗೆ ಅವರನ್ನು ಕರೆದುಕೊಂಡರು. ಕೆಲಸ ಸಿಕ್ಕಿತು, ಶ್ರೇಣಿಯಲ್ಲಿ ಸ್ಥಾನ ಸಿಗಲಿಲ್ಲ. ಕೆಲಸವೊಂದೇ ಹೆಣ್ಣಿಗೆ ಬಲ ತರುವುದಿಲ್ಲ. ಆ ಕೆಲಸದ ನಿಯಮ ಬರೆಯುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಫ್ಲಾರೆನ್ಸ್ ಮತ್ತು ಕಲೋನ್‌ಗಳ ನಡುವಿನ ಅಂತರ ಈ ಜಾಗದಲ್ಲಿದೆ.

ಮತ್ತೆ ಮೂರು ಹೆಸರುಗಳಿಗೆ

ನಾವು ಹೊರಟ ಪ್ರಶ್ನೆಗೆ ಈಗ ಹಿಂತಿರುಗಬಹುದು. ಬಳುವ‍ಳಿಯ ಹಣ ಫ್ಲಾರೆನ್ಸ್‌ನಲ್ಲಿ ತಂದೆಯಿಂದ ಹೊರಟು, ಹಲವೊಮ್ಮೆ ನಗರದ ಬೊಕ್ಕಸವನ್ನು ಹಾದು, ಗಂಡನನ್ನು ಸೇರುತ್ತಿತ್ತು. ಹೆಣ್ಣು ಅದಕ್ಕೆ ಹಾದಿಯಾಗಿದ್ದಳು. ಅವಳ ಒಡೆತನಕ್ಕೆ ಜೀವ ಬರುತ್ತಿದ್ದುದು ಗಂಡ ಸತ್ತ ಮೇಲೆ. ಆಗಲೂ ತವರಿನವರ ಕಣ್ಣು ಅದರ ಮೇಲಿರುತ್ತಿತ್ತು. ಆದರೂ ಆ ಕಾಗದದ ಮೇಲಿನ ಹಕ್ಕು ವ್ಯರ್ಥವಾಗಿರಲಿಲ್ಲ. ಅಲೆಸ್ಸಾಂದ್ರ ಅದರ ಬಲದ ಮೇಲೆ ಮಕ್ಕಳನ್ನು ದಡ ಸೇರಿಸಿದಳು. ಆಕೆಯ ಮಗ ಫಿಲಿಪ್ಪೊ 1466ರಲ್ಲಿ ಊರಿಗೆ ಮರಳಿ, ಮುಂದೆ ಫ್ಲಾರೆನ್ಸ್‌ನ ಅತಿ ದೊಡ್ಡ ಅರಮನೆಗಳಲ್ಲೊಂದನ್ನು ಕಟ್ಟಿಸಲು ತೊಡಗಿದ. ಅದು ಇಂದಿಗೂ ಆ ಮನೆತನದ ಹೆಸರಿನಲ್ಲಿ ನಿಂತಿದೆ. ಆಕೆಯ ಹೆಸರು ಉಳಿದದ್ದು ಎಪ್ಪತ್ತಕ್ಕೂ ಹೆಚ್ಚಿನ ಕಾಗದಗಳಲ್ಲಿ.

‘ಮದುವೆಗೆ ಇಷ್ಟು ಕೊಟ್ಟಿದ್ದೇವಲ್ಲ, ಇನ್ನು ಪಾಲೇಕೆ?’ ಎಂಬ ಮಾತು ನಮ್ಮ ಮನೆಗಳಿಗೂ ಹೊಸದಲ್ಲ. ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದ ಮಗಳನ್ನು ಹೊರಗಿಟ್ಟಿತ್ತು. ಬಳುವಳಿ ಪಡೆದವಳಿಗೆ ತವರಿನ ಪಾಲಿಲ್ಲ ಎಂಬ ಇಟಲಿಯ ಕಟ್ಟಳೆಯ ತರ್ಕವೇ ಅಲ್ಲಿಯೂ ಇಣುಕುತ್ತದೆ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ವರದಕ್ಷಿಣೆಯನ್ನು ನಿಷೇಧಿಸಿದ 1961ರ ಕಾಯ್ದೆಯೂ ಯಾರ ಕೈಗೇ ಸೇರಿದ್ದರೂ ಆ ಹಣ ಹೆಣ್ಣಿನದೇ, ಅದನ್ನು ಅವಳಿಗೆ ಒಪ್ಪಿಸಬೇಕು ಎನ್ನುತ್ತದೆ. ಅಂದರೆ ವರದಕ್ಷಿಣೆಯನ್ನು ಮತ್ತೆ ಸ್ತ್ರೀಧನವಾಗಿಸುವ ಯತ್ನ.

ಕೊಟ್ಟ ಹಣವನ್ನು ಬಳುವಳಿಯೆಂದು ಕರೆದೆವೋ, ಸ್ತ್ರೀಧನವೆಂದೋ, ವರದಕ್ಷಿಣೆಯೆಂದೋ ಎಂಬುದರಿಂದ ಅದರ ಒಡೆಯರು ಯಾರೆಂದು ತಿಳಿಯುವುದಿಲ್ಲ. ಮದುವೆಯ ಮರುದಿನ ಅದನ್ನು ಖರ್ಚು ಮಾಡುವ ಅಧಿಕಾರ ಯಾರಿಗಿತ್ತು ಎಂದು ಕೇಳಬೇಕು. ಕತೆರೀನಾಳ 1,000 ಫ್ಲಾರಿನ್‌ಗಳ ಬಗ್ಗೆ ತಾಯಿ ಬರೆದಳು, ಅಣ್ಣ ಓದಿದ, ಗಂಡ ಎಣಿಸಿಕೊಂಡ. ಕತೆರೀನಾ ಏನೆಂದಳೆಂಬುದು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ.